ಸ್ಕ್ಯಾಫೋಲ್ಡಿಂಗ್ ತಪಾಸಣೆ ಟ್ಯಾಗ್: ಏಣಿ ಹತ್ತುವವರಿಗೆ ಉಪಯೋಗಕ್ಕೆ ಬರುವಂತೆ ಮಾಡುವುದು ಹೇಗೆ

ಏಣಿಯ ಬುಡದಲ್ಲಿ ನಿಂತವರಿಗೆ ಮೊದಲು ಗೊತ್ತಾಗಬೇಕಾದದ್ದು ಒಂದೇ. ಈಗ ಇದನ್ನು ಹತ್ತಬಹುದಾ, ಬೇಡವಾ? ಸ್ಕ್ಯಾಫೋಲ್ಡಿಂಗ್ ಎಂದರೆ ಎತ್ತರದಲ್ಲಿ ಕೆಲಸ ಮಾಡಲು ಕಂಬ, ಹಲಗೆಗಳಿಂದ ಕಟ್ಟುವ ತಾತ್ಕಾಲಿಕ ಅಟ್ಟಣೆ. ಅದಕ್ಕೆ ಕಟ್ಟುವ ತಪಾಸಣೆಯ ಚೀಟಿ, ಅಂದರೆ ಟ್ಯಾಗ್, ಇರುವುದೇ ಈ ಪ್ರಶ್ನೆಗೆ ಉತ್ತರ ಕೊಡಲು. ಆದರೆ ಎಷ್ಟೋ ಸೈಟುಗಳಲ್ಲಿ ಟ್ಯಾಗ್ ನೋಡಿದರೆ ಅದು ಆಡಿಟ್‌ಗೆ ಬರುವವರಿಗಾಗಿ ಬರೆದಂತೆ ಕಾಣುತ್ತದೆ. ಕಂಪನಿಯ ಲೋಗೋ ದೊಡ್ಡದಾಗಿರುತ್ತದೆ, ದಿನಾಂಕ ಸಣ್ಣದಾಗಿರುತ್ತದೆ. ಸಹಿ ಇರುತ್ತದೆ, ಯಾರದ್ದೆಂದು ತಿಳಿಯುವುದಿಲ್ಲ. ಭಾರ ಎಷ್ಟು ಎಂದು ಬರೆಯುವ ಜಾಗ ಖಾಲಿ ಬಿದ್ದಿರುತ್ತದೆ.

ಈ ಮಾರ್ಗದರ್ಶಿ ಟ್ಯಾಗನ್ನು ಹತ್ತುವವರ ಕಡೆಗೆ ತಿರುಗಿಸುವುದರ ಬಗ್ಗೆ. ಸೇಫ್ಟಿ ಆಫೀಸರ್, ಸೈಟ್ ಎಂಜಿನಿಯರ್, ಸ್ಕ್ಯಾಫೋಲ್ಡಿಂಗ್ ಕಟ್ಟುವ ತಂಡದ ಮೇಸ್ತ್ರಿ, ಈ ಮೂವರೂ ಒಟ್ಟಿಗೆ ಕೂತು ಓದಿದರೆ ಒಳ್ಳೆಯದು. ಒಬ್ಬರೇ ಮಾಡಿ ಮುಗಿಸುವ ಕೆಲಸ ಇದಲ್ಲ.

ಶುರು ಮಾಡುವ ಮೊದಲು ನಿಯಮದ ವಿಷಯ ಸ್ವಲ್ಪ ನೋಡೋಣ. ಅಮೆರಿಕದ ಓಎಸ್‌ಎಚ್‌ಎ (ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ ಪ್ರತಿ ಶಿಫ್ಟಿಗೂ ಮೊದಲು ತಪಾಸಣೆ ಆಗಬೇಕು. ಸ್ಕ್ಯಾಫೋಲ್ಡಿಂಗ್‌ನ ಗಟ್ಟಿತನಕ್ಕೆ ಧಕ್ಕೆ ತರುವಂಥದ್ದು ಏನೇ ನಡೆದರೂ ಮತ್ತೊಮ್ಮೆ ಆಗಬೇಕು. ಅದನ್ನು ಮಾಡುವವರಿಗೆ ಅಪಾಯ ಗುರುತಿಸುವ ತಿಳಿವಳಿಕೆಯೂ ಇರಬೇಕು, ಅದನ್ನು ತಕ್ಷಣ ಸರಿಪಡಿಸುವ ಅಧಿಕಾರವೂ ಇರಬೇಕು. ಎತ್ತರದ ಕೆಲಸಕ್ಕೆ ಬ್ರಿಟನ್ 2005ರಲ್ಲಿ ತಂದ ನಿಯಮ ಬೇರೆ ರೀತಿಯದು. ಕಟ್ಟಡ ಕೆಲಸದಲ್ಲಿ 2 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರದಿಂದ ಬೀಳುವ ಸಾಧ್ಯತೆ ಇದ್ದರೆ, ಹಿಂದಿನ 7 ದಿನದೊಳಗೆ ತಪಾಸಣೆಯಾಗದ ಸ್ಕ್ಯಾಫೋಲ್ಡಿಂಗ್ ಬಳಸುವಂತಿಲ್ಲ. ಎರಡೂ ಕಡೆ ಕಾನೂನು ಕೇಳುವುದು ತಪಾಸಣೆಯನ್ನು. ಟ್ಯಾಗ್ ಅದನ್ನು ಸೈಟಿನಲ್ಲಿರುವ ಎಲ್ಲರ ಕಣ್ಣಿಗೆ ಕಾಣಿಸುವ ಸಾಧನ. ನಿಮ್ಮ ಸೈಟಿಗೆ ಯಾವ ನಿಯಮ ಅನ್ವಯವಾಗುತ್ತದೋ ಅದನ್ನು ಮೊದಲು ಓದಿಕೊಳ್ಳಿ. ತಪಾಸಣೆಯ ಅವಧಿ ಅದರಲ್ಲಿ ಹೇಳಿದ್ದಕ್ಕಿಂತ ಸಡಿಲವಾಗಬಾರದು.

ಹಂತ 1: ಈಗಿರುವ ಟ್ಯಾಗುಗಳನ್ನು ನೋಡಿಕೊಂಡು ಬನ್ನಿ

ಹೊಸ ಟ್ಯಾಗ್ ಪ್ರಿಂಟ್ ಹಾಕಿಸುವ ಆತುರ ಬೇಡ. ಸೈಟಿನಲ್ಲಿರುವ ಪ್ರತಿ ಸ್ಕ್ಯಾಫೋಲ್ಡಿಂಗ್ ಹತ್ತಿರ ಹೋಗಿ, ಪ್ರತಿ ಏಣಿಯ ಬುಡದಲ್ಲಿ ನಿಂತು ಫೋಟೊ ತೆಗೆಯಿರಿ. ಎರಡು ಹೆಜ್ಜೆ ದೂರದಿಂದ ಒಂದು, ಹತ್ತಿರದಿಂದ ಒಂದು. ಟ್ಯಾಗ್ ಎಲ್ಲಿ ಇಲ್ಲ, ಎಲ್ಲಿ ಅವಧಿ ಮೀರಿದೆ, ಎಲ್ಲಿ ಅಕ್ಷರ ಅಳಿಸಿದೆ, ಎಲ್ಲಿ ಗೋಡೆ ಕಡೆಗೆ ತಿರುಗಿಕೊಂಡಿದೆ ಎಂದು ಗುರುತು ಮಾಡಿಕೊಳ್ಳಿ.

ಆಮೇಲೆ ಅಲ್ಲಿ ಕೆಲಸ ಮಾಡುವ ನಾಲ್ಕೈದು ಜನರನ್ನು ಮಾತಾಡಿಸಿ. ಪೇಂಟರ್, ಗಾರೆಯವರು, ಎಲೆಕ್ಟ್ರಿಷಿಯನ್, ಹೀಗೆ ಬೇರೆ ಬೇರೆಯವರು ಇರಲಿ. ಟ್ಯಾಗನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿಬಿಡಿ. “ಹತ್ತಬಹುದಾ? ಎಷ್ಟು ಸಾಮಾನು ಇಡಬಹುದು? ತೊಂದರೆ ಕಂಡರೆ ಯಾರಿಗೆ ಹೇಳ್ತೀರ?” ಎಂದು ಕೇಳಿ. ಅವರು ತಡವರಿಸಿದರೆ ತಿದ್ದಬೇಡಿ, ಕಲಿಸಲೂ ಹೋಗಬೇಡಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಹೊಸ ಟ್ಯಾಗ್ ಬಂದ ಮೇಲೆ ಇದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು.

ಹಂತ 2: ಟ್ಯಾಗ್ ಇಲ್ಲ ಅಂದರೆ ಹತ್ತುವಂತಿಲ್ಲ, ಇದನ್ನು ಮೊದಲು ಪಕ್ಕಾ ಮಾಡಿ

ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಕೆಲವು ಸೈಟುಗಳಲ್ಲಿ ತೊಂದರೆ ಇದ್ದಾಗ ಮಾತ್ರ ಕೆಂಪು ಟ್ಯಾಗ್ ಹಾಕುತ್ತಾರೆ. ಆ ಕೆಂಪು ಟ್ಯಾಗ್ ಗಾಳಿಗೆ ಹಾರಿಹೋದರೆ? ಆಗ ಅಪಾಯದ ಸ್ಕ್ಯಾಫೋಲ್ಡಿಂಗ್ ಕೂಡ ಸರಿಯಿರುವ ಸ್ಕ್ಯಾಫೋಲ್ಡಿಂಗ್ ಥರಾನೇ ಕಾಣುತ್ತದೆ. ಟ್ಯಾಗ್ ಬಿದ್ದುಹೋಗುವುದು, ಕಳೆದುಹೋಗುವುದು, ಹರಿದುಹೋಗುವುದು ಎಲ್ಲ ಸೈಟಿನಲ್ಲೂ ಇದ್ದದ್ದೇ. ಹಾಗಾಗಿ ಟ್ಯಾಗ್ ಕಳೆದುಹೋದರೂ ಯಾರೂ ಅಪಾಯಕ್ಕೆ ಸಿಲುಕದಂತೆ ಏರ್ಪಾಡು ಇರಬೇಕು.

ಇದಕ್ಕೆ ಒಳ್ಳೆಯ ದಾರಿ ಎರಡು ಭಾಗದ ಟ್ಯಾಗ್. ಒಂದು ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್, ಅದರೊಳಗೆ ಜಾರಿಸಿ ಕೂರಿಸುವ ಕಾರ್ಡ್. ಹೋಲ್ಡರ್ ಮೇಲೆ ಕೆಂಪು ವೃತ್ತ, ಅಡ್ಡಗೆರೆ, “ಹತ್ತಬೇಡಿ” ಎಂಬ ಮಾತು ಮೊದಲೇ ಅಚ್ಚಾಗಿರುತ್ತದೆ. ಹಸಿರು ಕಾರ್ಡ್ ಒಳಗೆ ಕೂತಾಗ ಮಾತ್ರ ಆ ಕೆಂಪು ಮುಚ್ಚಿಹೋಗುತ್ತದೆ. ಕಾರ್ಡ್ ತೆಗೆದರೂ ಕೆಂಪು, ಬಿದ್ದುಹೋದರೂ ಕೆಂಪು. ಕಟ್ಟುವ ತಂಡ ಮೊದಲ ಕಂಬ ನಿಲ್ಲಿಸಿದಾಗಲೇ ಖಾಲಿ ಹೋಲ್ಡರ್ ಕಟ್ಟಿಬಿಡಬೇಕು. ಕಟ್ಟಿ ಮುಗಿಯುವ ತನಕ ಅದು ತಾನಾಗಿಯೇ “ಬೇಡ” ಎನ್ನುತ್ತಿರುತ್ತದೆ. ಹೋಲ್ಡರ್ರೇ ಕಿತ್ತುಹೋದರೆ ಏನು ಎಂಬುದಕ್ಕೂ ಉತ್ತರ ಬೇಕಲ್ವಾ? ಅದು ಸೈಟಿಗೆ ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಬೇಕಾದ ಮಾತು: ಏಣಿ ಹತ್ತಿರ ಟ್ಯಾಗೇ ಕಾಣದಿದ್ದರೆ ಅದನ್ನು ಕೆಂಪು ಎಂದೇ ತಿಳಿಯಿರಿ.

ಇನ್ನೊಂದು ಮಾತು. ಕೆಂಪು ಟ್ಯಾಗ್ ಒಂದೇ ಯಾರನ್ನೂ ತಡೆಯುವುದಿಲ್ಲ. ಬ್ರಿಟನ್ನಿನ ನಿಯಮದಲ್ಲಿ, ಕಟ್ಟುವಾಗ, ಬಿಚ್ಚುವಾಗ, ಬದಲಾಯಿಸುವಾಗ ಬಳಕೆಗೆ ಸಿದ್ಧವಿಲ್ಲದ ಭಾಗಕ್ಕೆ ಎಚ್ಚರಿಕೆ ಫಲಕವೂ ಬೇಕು, ಜನ ಒಳಗೆ ಹೋಗದಂತೆ ಅಡ್ಡಗಟ್ಟುವ ವ್ಯವಸ್ಥೆಯೂ ಬೇಕು. ಏಣಿ ತೆಗೆದಿಡಿ. ತೆಗೆಯಲಾಗದಿದ್ದರೆ ಮೆಟ್ಟಿಲುಗಳಿಗೆ ಹಲಗೆ ಕಟ್ಟಿ ಮುಚ್ಚಿ.

ಹಂತ 3: ಬಣ್ಣ, ಆಕಾರ, ಮತ್ತು ಆ ಹಳದಿ ಟ್ಯಾಗ್

ಹಸಿರು ಎಂದರೆ ಬಳಸಬಹುದು, ಕೆಂಪು ಎಂದರೆ ಬಳಸಬಾರದು. ಇದರಲ್ಲಿ ಗೊಂದಲ ಇಲ್ಲ. ಆದರೆ ಬಣ್ಣ ಒಂದನ್ನೇ ನಂಬಬೇಡಿ. ಯುರೋಪಿಯನ್ ಮೂಲದ ಗಂಡಸರಲ್ಲಿ ಸುಮಾರು ಶೇಕಡಾ 8ರಷ್ಟು ಜನರಿಗೆ ಕೆಂಪು, ಹಸಿರು ಸರಿಯಾಗಿ ಬೇರೆಯಾಗಿ ಕಾಣುವುದಿಲ್ಲ. ಬೇರೆ ಕಡೆ ಈ ಪ್ರಮಾಣ ಕಡಿಮೆ ಇರಬಹುದು, ಆದರೆ ಈ ತೊಂದರೆ ಇರುವವರು ಎಲ್ಲ ಕಡೆ ಇದ್ದಾರೆ. ಮಬ್ಬು ಬೆಳಕಿನಲ್ಲಿ, ಸಿಮೆಂಟ್ ಧೂಳು ಕೂತಾಗ ಉಳಿದವರಿಗೂ ಬಣ್ಣ ಮೋಸ ಮಾಡುತ್ತದೆ. ಹಾಗಾಗಿ ಕೆಂಪಿಗೆ ಅಡ್ಡಗೆರೆ ಎಳೆದ ವೃತ್ತ, ಹಸಿರಿಗೆ ದೊಡ್ಡ ಸರಿ ಗುರುತು, ಹಳದಿಗೆ ತ್ರಿಕೋನ ಹಾಕಿಸಿ. ಸೈಟಿನಲ್ಲಿ ಹಲವು ಭಾಷೆಯವರು ಇದ್ದರೆ ಈ ಚಿಹ್ನೆಗಳೇ ಮೊದಲು ಮಾತಾಡಬೇಕು. ಮಾತು ಬರೆಯುವುದಾದರೆ ಅಲ್ಲಿ ಹೆಚ್ಚು ಜನ ಓದುವ ಭಾಷೆಯಲ್ಲೇ ಬರೆಯಿರಿ.

ಹಳದಿಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. “ಎಚ್ಚರಿಕೆಯಿಂದ ಬಳಸಿ” ಎಂದಷ್ಟೇ ಬರೆದ ಹಳದಿ ಟ್ಯಾಗ್ ಇರಲೇಬಾರದು. ಏನು ಎಚ್ಚರಿಕೆ? ಯಾತಕ್ಕೆ? ಎಷ್ಟು ದಿನ? ಇದ್ಯಾವುದನ್ನೂ ಹೇಳದ ಹಳದಿ, ಸರಿಪಡಿಸಬೇಕಾದ ಕೆಲಸವನ್ನು ಮುಂದಕ್ಕೆ ತಳ್ಳುವ ನೆಪವಾಗಿಬಿಡುತ್ತದೆ. ಒಂದು ಕಡೆ ಗಾರ್ಡ್‌ರೈಲ್ (ಅಂಚಿನಿಂದ ಬೀಳದಂತೆ ತಡೆಯುವ ಅಡ್ಡಕಂಬಿ) ಇಲ್ಲ, ಸುಮ್ನೆ ಹಳದಿ ಹಾಕಿದರಾಯಿತು ಎಂದು ಶುರುವಾಗುತ್ತದೆ. ಆಮೇಲೆ ಆ ಗಾರ್ಡ್‌ರೈಲ್ ಬರುವುದೇ ಇಲ್ಲ.

ಹಳದಿ ಬೇಕೇ ಬೇಕು ಎಂದಾದರೆ ಅದರಲ್ಲಿ ಮೂರು ಸಾಲು ತುಂಬದೆ ಸಹಿ ಹಾಕುವಂತಿಲ್ಲ ಎಂದು ನಿಯಮ ಮಾಡಿ. ಏನು ಕೊರತೆ ಇದೆ, ಅದಕ್ಕೆ ಹತ್ತುವವರು ಏನು ಮಾಡಬೇಕು, ಯಾವತ್ತಿನ ತನಕ. ಉದಾಹರಣೆಗೆ: “ಎರಡನೇ ಹಂತದಲ್ಲಿ, ಪೈಪ್ ಇಳಿಸುವ ಕಡೆ ಗಾರ್ಡ್‌ರೈಲ್ ಇಲ್ಲ. ಫುಲ್ ಬಾಡಿ ಹಾರ್ನೆಸ್ ಹಾಕಿ, ಗುರುತು ಮಾಡಿದ ಆಂಕರ್‌ಗೆ ಹುಕ್ ಹಾಕಿ. ಇವತ್ತು ಸಂಜೆ ತನಕ ಮಾತ್ರ.” (ಹಾರ್ನೆಸ್ ಎಂದರೆ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ, ಆಂಕರ್ ಎಂದರೆ ಅದರ ಹುಕ್ ಹಾಕುವ ಗಟ್ಟಿ ಜಾಗ.) ಇಷ್ಟು ಬರೆಯಲು ಆಗುತ್ತಿಲ್ಲ ಎಂದರೆ ಅದು ಕೆಂಪು. ಕಂಬ ವಾಲಿದೆ, ಟೈ (ಸ್ಕ್ಯಾಫೋಲ್ಡಿಂಗನ್ನು ಕಟ್ಟಡಕ್ಕೆ ಬಿಗಿಯುವ ಜೋಡಣೆ) ಕಡಿಮೆ ಇದೆ, ಬುಡ ಕುಸಿದಿದೆ ಎಂಬಂಥ ತೊಂದರೆಗೆ ಹಳದಿಯ ಪ್ರಶ್ನೆಯೇ ಇಲ್ಲ. ಅಲ್ಲಿ ಹಾರ್ನೆಸ್ ಹಾಕಿಕೊಂಡರೂ ಹುಕ್ ಹಾಕುವ ಕಂಬವೇ ಬೀಳುತ್ತದೆ.

ಹಂತ 4: ಭಾರವನ್ನು ಹತ್ತುವವರಿಗೆ ಅರ್ಥವಾಗುವ ಹಾಗೆ ಬರೆಯಿರಿ

ಟ್ಯಾಗಿನಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ಸಾಲು ಇದು. “ಕ್ಲಾಸ್ 3” ಅಥವಾ “ಚದರ ಮೀಟರಿಗೆ 2 ಕಿಲೋನ್ಯೂಟನ್” ಎಂದು ಬರೆದಿರುತ್ತಾರೆ. ಎಂಜಿನಿಯರಿಗೆ ಅದು ಸಾಕು. ತಲೆ ಮೇಲೆ ಇಟ್ಟಿಗೆ ಹೊತ್ತು ನಿಂತವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಯುರೋಪಿನ ಇಎನ್ 12811-1 ಮಾನದಂಡದಲ್ಲಿ ಆರು ಭಾರ ವರ್ಗಗಳಿವೆ. ಸಮನಾಗಿ ಹರಡಿದ ಭಾರ ಚದರ ಮೀಟರಿಗೆ 0.75, 1.5, 2, 3, 4.5, 6 ಕಿಲೋನ್ಯೂಟನ್. ಮೂರನೇ ವರ್ಗವನ್ನೇ ತೆಗೆದುಕೊಳ್ಳಿ. 2 ಕಿಲೋನ್ಯೂಟನ್ ಎಂದರೆ ಹೆಚ್ಚುಕಮ್ಮಿ 200 ಕೆಜಿ. ಎರಡು ಕಂಬಗಳ ನಡುವೆ 2.5 ಮೀಟರ್, ಅಗಲ 1.2 ಮೀಟರ್ ಇರುವ ಒಂದು ಅಂಕಣ ಇದೆ ಅಂದುಕೊಳ್ಳಿ. ವಿಸ್ತೀರ್ಣ 3 ಚದರ ಮೀಟರ್. ಅಲ್ಲಿಗೆ ಒಟ್ಟು 600 ಕೆಜಿ. ಉಪಕರಣ ಸಮೇತ ಒಬ್ಬರಿಗೆ 100 ಕೆಜಿ ಎಂದು ಹಿಡಿದರೆ ಇಬ್ಬರಿಗೆ 200. ಉಳಿದದ್ದು 400 ಕೆಜಿ, ಅಂದರೆ 50 ಕೆಜಿಯ ಎಂಟು ಚೀಲ.

ಇಲ್ಲೇ ನಿಲ್ಲಿಸಿದರೆ ಅಪಾಯ. ಎಂಟು ಚೀಲವನ್ನೂ ಒಂದರ ಮೇಲೊಂದು ಪೇರಿಸಿಬಿಟ್ಟರೆ? ಅದೇ ಮಾನದಂಡದಲ್ಲಿ, ಮೂರನೇ ವರ್ಗದ ಹಲಗೆಗೆ 500 ಮಿ.ಮೀ. ಉದ್ದ, 500 ಮಿ.ಮೀ. ಅಗಲದ ಜಾಗದಲ್ಲಿ ಲೆಕ್ಕ ಹಾಕುವ ಭಾರ 1.5 ಕಿಲೋನ್ಯೂಟನ್ ಮಾತ್ರ. ಅಂದರೆ ಸುಮಾರು 150 ಕೆಜಿ, ಮೂರೇ ಚೀಲ. ಹಾಗಾಗಿ ಟ್ಯಾಗಿನಲ್ಲಿ ಹೀಗೆ ಬರಬೇಕು: “ಒಂದು ಅಂಕಣಕ್ಕೆ 2 ಜನ + 8 ಚೀಲ. ಒಂದೇ ಜಾಗದಲ್ಲಿ 3 ಚೀಲಕ್ಕಿಂತ ಜಾಸ್ತಿ ಪೇರಿಸಬೇಡಿ. ಒಂದು ಸಲಕ್ಕೆ ಒಂದೇ ಹಂತದಲ್ಲಿ ಕೆಲಸ.” ಇದು ಲೆಕ್ಕದ ದಾರಿ ತೋರಿಸಲು ಕೊಟ್ಟ ಉದಾಹರಣೆ. ನಿಮ್ಮ ಸ್ಕ್ಯಾಫೋಲ್ಡಿಂಗ್‌ಗೆ ಎಷ್ಟು ಭಾರ, ಎಷ್ಟು ಹಂತಗಳಲ್ಲಿ ಒಟ್ಟಿಗೆ ಕೆಲಸ ಮಾಡಬಹುದು ಎಂಬುದನ್ನು ವಿನ್ಯಾಸ ಮಾಡಿದವರೇ ಹೇಳಬೇಕು.

ಓಎಸ್‌ಎಚ್‌ಎ ನಿಯಮದಲ್ಲಿ, ಸ್ಕ್ಯಾಫೋಲ್ಡಿಂಗ್ ತನ್ನ ತೂಕದ ಜೊತೆಗೆ ಉದ್ದೇಶಿತ ಗರಿಷ್ಠ ಭಾರದ 4 ಪಟ್ಟು ತಡೆಯುವಂತಿರಬೇಕು ಎಂದಿದೆ. ಇದನ್ನು ಕೇಳಿ “ಇನ್ನೂ ಸ್ವಲ್ಪ ಹಾಕಬಹುದು” ಎನ್ನುವವರು ಇರುತ್ತಾರೆ. ಆ ಅಂತರ ಇರುವುದು ತುಕ್ಕು ಹಿಡಿದ ಪೈಪು, ಸಡಿಲ ಕ್ಲ್ಯಾಂಪು, ಜೋರಾಗಿ ಕುಕ್ಕಿದ ಹೊರೆ ಇಂಥವುಗಳಿಗೆ. ಅದನ್ನು ಸಾಮಾನು ಇಡಲು ಬಳಸಿಕೊಳ್ಳುವ ಹಾಗಿಲ್ಲ.

ಹಂತ 5: ಉಳಿದ ಸಾಲುಗಳು

ಮುಂಭಾಗದಲ್ಲಿ ಕಡಿಮೆ ಇರಲಿ: ಸ್ಕ್ಯಾಫೋಲ್ಡಿಂಗ್ ನಂಬರ್, ಭಾರ, ಯಾವತ್ತಿನ ತನಕ ಬಳಸಬಹುದು, ತಪಾಸಣೆ ಮಾಡಿದವರ ಹೆಸರು, ಫೋನ್ ನಂಬರ್. ಇವುಗಳಲ್ಲಿ ಅತಿ ದೊಡ್ಡ ಅಕ್ಷರ “ಯಾವತ್ತಿನ ತನಕ” ಎಂಬುದಕ್ಕೆ. ಬಹುತೇಕ ಟ್ಯಾಗುಗಳಲ್ಲಿ ಹಿಂದಿನ ತಪಾಸಣೆಯ ದಿನಾಂಕ ಮಾತ್ರ ಇರುತ್ತದೆ. ಅದಕ್ಕೆ ಏಳು ದಿನ ಕೂಡಿಸಿ ಇವತ್ತು ಯಾವ ತಾರೀಖು ಎಂದು ಲೆಕ್ಕ ಹಾಕುವ ಕೆಲಸವನ್ನು ಹತ್ತುವವರ ಮೇಲೆ ಹೊರಿಸುವುದು ಸರಿಯಲ್ಲ. ತಾರೀಖಿನ ಜೊತೆ ವಾರದ ಹೆಸರನ್ನೂ ಬರೆಯಿರಿ. ಹೆಸರು ಓದಲು ಬರುವ ಅಕ್ಷರದಲ್ಲಿರಲಿ, ಸಹಿ ಅದರ ಪಕ್ಕದಲ್ಲಿ.

ತಪಾಸಣೆಯ ಹಳೆಯ ಸಾಲುಗಳೆಲ್ಲ ಹಿಂಭಾಗಕ್ಕೆ ಹೋಗಲಿ.

ಹಂತ 6: ಕಾರ್ಡು, ಶಾಯಿ, ಕಟ್ಟುವ ಜಾಗ

ಲ್ಯಾಮಿನೇಟ್ ಮಾಡಿದ ಕಾಗದ ಮೊದಲ ಮಳೆಗೇ ಕೈಕೊಡುತ್ತದೆ. ತೂತು ಹೊಡೆದ ಕಡೆ, ಕತ್ತರಿಸಿದ ಅಂಚಿನ ಕಡೆ ನೀರು ಒಳಗೆ ಇಳಿಯುತ್ತದೆ. ಒರಟು ಮೇಲ್ಮೈಯ ಪ್ಲಾಸ್ಟಿಕ್ ಕಾರ್ಡ್ ವಾಸಿ. ಬಾಲ್ ಪೆನ್ ಅದರ ಮೇಲೆ ನಿಲ್ಲುವುದಿಲ್ಲ. ಪರ್ಮನೆಂಟ್ ಮಾರ್ಕರ್ ನೀರಿಗೆ ಜಗ್ಗುವುದಿಲ್ಲ, ಆದರೆ ಬಿಸಿಲಿಗೆ ಮಾಸುತ್ತದೆ. ಪೆನ್ಸಿಲ್ ಗೆರೆ ಬಿಸಿಲು ಮಳೆ ಎರಡಕ್ಕೂ ಮಾಸುವುದಿಲ್ಲ, ಆದರೆ ಯಾರು ಬೇಕಾದರೂ ಉಜ್ಜಿ ಅಳಿಸಬಹುದು. ಎಣ್ಣೆ ಆಧಾರದ ಪೇಂಟ್ ಮಾರ್ಕರ್ ಸಾಮಾನ್ಯವಾಗಿ ಒಳ್ಳೆಯ ಆಯ್ಕೆ.

ಅಂಗಡಿಯವರ ಮಾತು ನಂಬಿ ರಾಶಿ ಕೊಳ್ಳುವ ಮೊದಲು ನೀವೇ ಪರೀಕ್ಷೆ ಮಾಡಿ. ನಾಲ್ಕು ಕಾರ್ಡಿನ ಮೇಲೆ ನಾಲ್ಕು ಬಗೆಯ ಶಾಯಿಯಲ್ಲಿ ಬರೆದು, ಅರ್ಧ ಭಾಗಕ್ಕೆ ಸಿಮೆಂಟ್ ಹಾಲು ಬಳಿದು ಒಣಗಿಸಿ. ಸೈಟಿನ ಅತಿ ಬಿಸಿಲಿನ ಮೂಲೆಯಲ್ಲಿ ಕಟ್ಟಿ. ನಿಮ್ಮ ತಪಾಸಣೆಯ ಅವಧಿಯ ಎರಡರಷ್ಟು ದಿನ ಬಿಡಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿ ನೋಡಿ.

ಕಟ್ಟಲು ಬಿಳಿ ಪ್ಲಾಸ್ಟಿಕ್ ಟೈ ಬೇಡ, ಬಿಸಿಲಿಗೆ ಗರಿಗರಿಯಾಗಿ ಮುರಿಯುತ್ತದೆ. ಬಿಸಿಲು ತಡೆಯುವ ಕಪ್ಪು ಬಣ್ಣದ್ದು ಹೆಚ್ಚು ದಿನ ಬಾಳುತ್ತದೆ. ಒಂದರ ಬದಲು ಎರಡು ಕಡೆ ಕಟ್ಟಿ, ಆಗ ಟ್ಯಾಗ್ ತಿರುಗುವುದಿಲ್ಲ. ಜಾಗ ಏಣಿಯ ಪಕ್ಕದ ಕಂಬ, ಕಣ್ಣಿನ ಎತ್ತರ. ತೆರೆಯುವ ಗೇಟಿನ ಮೇಲೆ ಕಟ್ಟಿದರೆ ಗೇಟ್ ತೆರೆದಿಟ್ಟಾಗ ಟ್ಯಾಗ್ ಮರೆಯಾಗುತ್ತದೆ. ಹತ್ತಲು ಎಷ್ಟು ದಾರಿಗಳಿವೆಯೋ ಅಷ್ಟು ಟ್ಯಾಗ್ ಬೇಕು. ಕಟ್ಟಡದ ಕಿಟಕಿಯಿಂದ, ಬಾಲ್ಕನಿಯಿಂದ ನೇರವಾಗಿ ಹಲಗೆಗೆ ಕಾಲಿಡುವ ದಾರಿ ಇದ್ದರೆ ಅಲ್ಲೂ ಒಂದು. ಇದನ್ನು ಮರೆಯುವವರು ಬಹಳ ಜನ.

ಹಂತ 7: ಟೇಬಲ್ ಮುಂದೆ ಕೂತು ಸಹಿ ಹಾಕಲು ಆಗದ ಹಾಗೆ ಮಾಡಿ

ಟ್ಯಾಗಿಗೆ ಇದಕ್ಕಿಂತ ದೊಡ್ಡ ರೋಗ ಇಲ್ಲ. ಸೋಮವಾರ ಬೆಳಿಗ್ಗೆ ಕಾರ್ಡುಗಳ ಕಟ್ಟು ಇಟ್ಟುಕೊಂಡು ಎಲ್ಲದಕ್ಕೂ ಸಹಿ ಹಾಕಿ, ಹುಡುಗರ ಕೈಯಲ್ಲಿ ಕೊಟ್ಟು ಕಳಿಸಿಬಿಡುವುದು. ಆ ಹಸಿರು ಕಾರ್ಡನ್ನು ನಂಬಿ ಮನುಷ್ಯರು ಮೇಲೆ ಹತ್ತುತ್ತಾರೆ. ಬೈದು ಹೇಳಿದರೆ ಎರಡು ವಾರ ಸರಿಹೋಗುತ್ತದೆ, ಆಮೇಲೆ ಮತ್ತೆ ಹಾಗೇ. ಅದಕ್ಕೇ ಕಾರ್ಡನ್ನೇ ಬದಲಾಯಿಸಬೇಕು. ಮೇಲೆ ಹತ್ತದೆ ತುಂಬಲು ಆಗದಂಥ ಎರಡು ಖಾನೆಗಳನ್ನು ಹಿಂಭಾಗದಲ್ಲಿ ಇಡಿ. ಒಂದು, “ಅತಿ ಮೇಲಿನ ಹಂತದಲ್ಲಿ ಹಲಗೆಯಿಂದ ಮೇಲಿನ ಗಾರ್ಡ್‌ರೈಲ್ ತನಕ ಅಳತೆ: ____ ಮಿ.ಮೀ.” ಬ್ರಿಟನ್ನಿನ ನಿಯಮದಲ್ಲಿ ಇದು ಕನಿಷ್ಠ 950 ಮಿ.ಮೀ., ಕಂಬಿಗಳ ನಡುವಿನ ತೆರಪು 470 ಮಿ.ಮೀ. ಮೀರಬಾರದು. ಇನ್ನೊಂದು, “ಕಟ್ಟಡಕ್ಕೆ ಬಿಗಿದ ಟೈ: ಇರಬೇಕಾದದ್ದು ____, ಎಣಿಸಿದ್ದು ____.” ಪ್ಲಾಸ್ಟರ್ ಮಾಡುವಾಗ, ಕಿಟಕಿ ಕೂರಿಸುವಾಗ ಅಡ್ಡ ಬಂತೆಂದು ಟೈ ಬಿಚ್ಚಿ ಮತ್ತೆ ಹಾಕದೆ ಬಿಡುವುದು ಬಹಳ ಸಾಮಾನ್ಯ. ಕೆಳಗಿನಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ. ಎಣಿಸಿದರೆ ಮಾತ್ರ ಗೊತ್ತಾಗುತ್ತದೆ.

ತಪಾಸಣೆಯನ್ನು ಕೆಳಗಿನಿಂದ ಮೇಲಕ್ಕೆ, ಪ್ರತಿ ಸಲವೂ ಒಂದೇ ಕ್ರಮದಲ್ಲಿ ಮಾಡಿ. ಮೊದಲು ನೆಲ: ನೀರು ನಿಂತಿದೆಯಾ, ಪಕ್ಕದಲ್ಲಿ ಯಾರಾದರೂ ಗುಂಡಿ ತೋಡಿದ್ದಾರಾ. ಬೇಸ್ ಪ್ಲೇಟ್ (ಕಂಬದ ಬುಡದ ತಟ್ಟೆ), ಅದರ ಕೆಳಗಿನ ಮರದ ಹಲಗೆ. ಕಂಬ ನೆಟ್ಟಗಿದೆಯಾ, ಕ್ಲ್ಯಾಂಪ್ ಬಿಗಿ ಇದೆಯಾ, ಓರೆ ಬ್ರೇಸ್ ಎಲ್ಲ ಇದೆಯಾ. ಆಮೇಲೆ ಟೈ, ಹಲಗೆಗಳ ಬಿರುಕು, ನಡುವಿನ ಸಂದು, ತುದಿ ಹೊರಚಾಚಿದ್ದು, ಗಾರ್ಡ್‌ರೈಲ್, ಟೋ ಬೋರ್ಡ್ (ಸಾಮಾನು ಕೆಳಗೆ ಬೀಳದಂತೆ ಅಂಚಿನಲ್ಲಿ ನಿಲ್ಲಿಸುವ ಹಲಗೆ), ಏಣಿಯ ಕಟ್ಟು. ಕೊನೆಗೆ ಸುತ್ತ ಕಣ್ಣಾಡಿಸಿ, ಹತ್ತಿರದಲ್ಲಿ ವಿದ್ಯುತ್ ತಂತಿ ಇದೆಯಾ ನೋಡಿ. ಇಳಿದು ಬಂದು ಏಣಿಯ ಬುಡದಲ್ಲಿ ನಿಂತೇ ಕಾರ್ಡ್ ತುಂಬಬೇಕು.

ಖಾಲಿ ಹಸಿರು ಕಾರ್ಡುಗಳು ಎಲ್ಲರ ಕೈಗೂ ಸಿಗಬಾರದು. ನಂಬರ್ ಹಾಕಿ, ತಪಾಸಣೆ ಮಾಡುವ ಅರ್ಹತೆ ಇರುವವರಿಗೆ ಮಾತ್ರ, ರಿಜಿಸ್ಟರಿನಲ್ಲಿ ಬರೆದು ಕೊಡಿ.

ಹಂತ 8: ಕಾರ್ಡ್ ತೆಗೆಯುವ ಹಕ್ಕು ಎಲ್ಲರಿಗೂ, ಮತ್ತೆ ಹಾಕುವ ಹಕ್ಕು ಒಬ್ಬರಿಗೆ

ಟ್ಯಾಗ್ ಹೇಳುವುದು ತಪಾಸಣೆ ನಡೆದ ಹೊತ್ತಿನ ಸ್ಥಿತಿ. ಆಮೇಲೆ ಬಿರುಗಾಳಿ ಬೀಸಿದರೆ, ಲಾರಿ ತಾಗಿದರೆ, ಯಾರೋ ಹಲಗೆ ಸರಿಸಿದರೆ, ಬುಡದಲ್ಲಿ ಮಳೆ ನೀರು ಮಣ್ಣು ಕೊಚ್ಚಿದರೆ, ಅವಧಿ ಬಾಕಿ ಇದ್ದರೂ ಆ ಹಸಿರು ಕಾರ್ಡಿಗೆ ಬೆಲೆ ಇಲ್ಲ. ಈ ಪಟ್ಟಿಯನ್ನು ಹೋಲ್ಡರ್ ಮೇಲೆಯೇ ಚಿತ್ರಗಳಲ್ಲಿ ಹಾಕಿಸಿ.

ತೊಂದರೆ ಮೊದಲು ಕಣ್ಣಿಗೆ ಬೀಳುವುದು ಅಲ್ಲಿ ಕೆಲಸ ಮಾಡುವವರಿಗೆ. ಹಾಗಾಗಿ ನಿನ್ನೆ ಸೇರಿದ ಸಹಾಯಕನಿಗೂ ಕಾರ್ಡ್ ಎಳೆದು ತೆಗೆಯುವ ಹಕ್ಕು ಇರಬೇಕು. ತೆಗೆದು ಆಫೀಸಿಗೆ ತಂದುಕೊಟ್ಟರೆ ಸಾಕು, ಕಾರಣವನ್ನು ಬಾಯಲ್ಲಿ ಹೇಳಿದರೂ ಆಯಿತು. ಮತ್ತೆ ಹಾಕುವುದು ಮಾತ್ರ ತಪಾಸಣೆ ಮಾಡಿದವರು. ಇದು ಕೆಲಸ ಮಾಡಬೇಕೆಂದರೆ ಕಾರ್ಡ್ ತೆಗೆದವರಿಗೆ ಬೈಗುಳ ಬೀಳಬಾರದು, ಆ ಹೊತ್ತಿನ ಕೂಲಿಯೂ ಕಡಿತವಾಗಬಾರದು. “ಸುಮ್ನೆ ಕೆಲಸ ನಿಲ್ಲಿಸಿದೆ” ಎಂದು ಒಬ್ಬ ಸೂಪರ್‌ವೈಸರ್ ಎಲ್ಲರ ಮುಂದೆ ಒಮ್ಮೆ ಅಂದರೂ ಸಾಕು, ಆ ಸೈಟಿನಲ್ಲಿ ಆಮೇಲೆ ಯಾರೂ ಕಾರ್ಡ್ ಮುಟ್ಟುವುದಿಲ್ಲ. ತೆಗೆದ ಕಾರಣ ಸರಿಯಿಲ್ಲದಿದ್ದರೂ ಮೊದಲು ಧನ್ಯವಾದ ಹೇಳಿ, ಆಮೇಲೆ ವಿವರಿಸಿ.

ಕ್ಯೂಆರ್ ಕೋಡ್ ಬೇಕಾ?

ಹಾಕಿ, ಆದರೆ ಎರಡನೇ ಸ್ಥಾನದಲ್ಲಿ. ತಪಾಸಣೆಯ ಫೋಟೊಗಳು, ಹಳೆಯ ವರದಿ, ಡ್ರಾಯಿಂಗ್, ಇವೆಲ್ಲ ಕೋಡಿನ ಹಿಂದೆ ಇರಲಿ. ಮುಂದಿನ ತಪಾಸಣೆಗೆ ನೆನಪಿಸುವ ಕೆಲಸವನ್ನೂ ಅದು ಚೆನ್ನಾಗಿ ಮಾಡುತ್ತದೆ. ಹತ್ತಬಹುದಾ ಎಂಬ ಉತ್ತರ ಮಾತ್ರ ಬರಿಗಣ್ಣಿಗೆ ಕಾಣಬೇಕು. ಗ್ಲೌಸ್ ಹಾಕಿ ಎರಡೂ ಕೈಯಲ್ಲಿ ಸಾಮಾನು ಹಿಡಿದವರು ಫೋನ್ ತೆಗೆದು ಸ್ಕ್ಯಾನ್ ಮಾಡಲಿ ಎಂದು ಕಾಯುವುದು ಆಗದ ಮಾತು.

ಹಂತ 9: ಒಂದು ಕಡೆ ಶುರು ಮಾಡಿ, ಆಮೇಲೆ ಹರಡಿ

ಮೊದಲು ಹೆಚ್ಚು ಜನ ಓಡಾಡುವ ಒಂದೇ ಸ್ಕ್ಯಾಫೋಲ್ಡಿಂಗ್‌ಗೆ ಹೊಸ ಟ್ಯಾಗ್ ಹಾಕಿ. ಎರಡು ತಪಾಸಣೆ ಅವಧಿ ಮುಗಿಯಲಿ. ಹಂತ 1ರ ಐದು ಸೆಕೆಂಡಿನ ಪ್ರಶ್ನೆಗಳನ್ನು ಮತ್ತೆ ಕೇಳಿ. ಭಾರದ ಪ್ರಶ್ನೆಗೆ ಈಗಲೂ ತಡವರಿಸಿದರೆ ಆ ಸಾಲನ್ನು ಅವರ ಮಾತಿನಲ್ಲೇ ತಿರುಗಿ ಬರೆಯಿರಿ.

ಆಮೇಲೆ ವಾರಕ್ಕೊಮ್ಮೆ, ತಪಾಸಣೆಗೆ ಸಂಬಂಧವಿಲ್ಲದ ಇನ್ನೊಬ್ಬರು ಕೆಲವು ಟ್ಯಾಗುಗಳನ್ನು ಆರಿಸಿ, ಕಾರ್ಡಿನಲ್ಲಿ ಬರೆದ ಅಳತೆ ಮತ್ತು ಟೈ ಸಂಖ್ಯೆಯನ್ನು ಮೇಲೆ ಹತ್ತಿ ಹೋಲಿಸಲಿ. ಅವಧಿ ಮೀರಿದವು ಎಷ್ಟು, ಹೊಂದಿಕೆಯಾಗದವು ಎಷ್ಟು, ಕೆಲಸಗಾರರೇ ತೆಗೆದ ಕಾರ್ಡುಗಳು ಎಷ್ಟು ಎಂದು ಬರೆದಿಡಿ. ಕೊನೆಯ ಸಂಖ್ಯೆ ತಿಂಗಳುಗಟ್ಟಲೆ ಸೊನ್ನೆ ಇದ್ದರೆ ಖುಷಿಪಡುವ ಮೊದಲು ವಿಚಾರಿಸಿ. ಎಲ್ಲ ಸರಿಯಿದೆ ಎಂದೂ ಇರಬಹುದು, ತೆಗೆಯಲು ಜನ ಹೆದರುತ್ತಿದ್ದಾರೆ ಎಂದೂ ಇರಬಹುದು.

ಹಂತ 10: ಬಿಚ್ಚುವ ದಿನ

ಮೊದಲ ಹಲಗೆ ತೆಗೆಯುವುದಕ್ಕಿಂತ ಮುಂಚೆ ಎಲ್ಲ ದಾರಿಗಳ ಹಸಿರು ಕಾರ್ಡೂ ಹೊರಗೆ ಬರಬೇಕು. ಕಿಟಕಿ ಕಡೆಯದ್ದನ್ನು ಮರೆಯಬೇಡಿ. ಖಾಲಿ ಹೋಲ್ಡರ್ ಕೊನೆಯ ಕಂಬದ ಜೊತೆ ಇಳಿಯಲಿ. ತೆಗೆದ ಕಾರ್ಡುಗಳ ಫೋಟೊ ತೆಗೆದು, ಅವುಗಳ ನಂಬರನ್ನು ರಿಜಿಸ್ಟರಿನಲ್ಲಿ ಮುಚ್ಚಿ. ನಿಮ್ಮ ನಿಯಮ ಕಾರ್ಡನ್ನೇ ಉಳಿಸಿಕೊಳ್ಳಲು ಹೇಳಿದರೆ ಫೈಲಿಗೆ ಹಾಕಿ, ಇಲ್ಲವಾದರೆ ಎರಡು ತುಂಡು ಮಾಡಿ. ಹೋಲ್ಡರ್ ತೊಳೆದು, ಅದರ ಮೇಲಿನ ಕೆಂಪು ಇನ್ನೂ ಎದ್ದು ಕಾಣುತ್ತಿದ್ದರೆ ಮಾತ್ರ ಮುಂದಿನ ಸ್ಕ್ಯಾಫೋಲ್ಡಿಂಗ್‌ಗೆ ಬಳಸಿ.